ನಗರ ಜೀವನವೂ ಸಾರ್ವಜನಿಕ ಸ್ಥಳಗಳೂ

ಯಾರೊಬ್ಬರ ಮನೆಯೂ ಅಲ್ಲದೆ, ಯಾರ ಅಪ್ಪಣೆಯನ್ನೂ ಬೇಡದೆ ಎಲ್ಲರೂ ಬಂದು ನಿಲ್ಲಬಹುದಾದ ಎಡೆಗೆ ಸಾರ್ವಜನಿಕ ಸ್ಥಳವೆಂದು ಹೆಸರು. ಬೀದಿ, ಸಂತೆಯ ಬಯಲು, ಕೆರೆಯ ಏರಿ, ಅರಳಿಕಟ್ಟೆ, ರೈಲು ನಿಲ್ದಾಣ, ಬಸ್ಸು ನಿಲ್ದಾಣ, ಉದ್ಯಾನ, ವಾಚನಾಲಯ ಇವೆಲ್ಲವೂ ಈ ವರ್ಗಕ್ಕೆ ಸೇರಿದವು. ಇಂತಹ ಸ್ಥಳಗಳನ್ನು ಅರಸರೂ ಇಂಜಿನಿಯರರೂ ಪುರಸಭೆಗಳೂ ನಿರ್ಮಿಸಿದರೆಂದು ಚರಿತ್ರೆಯ ಪುಸ್ತಕಗಳಲ್ಲಿ ಓದುತ್ತೇವೆ. ಇದು ಅರ್ಧ ಮಾತ್ರ ನಿಜವು. ಅವರು ಕಟ್ಟಡವನ್ನು ಕಟ್ಟಬಹುದು, ಬೇಲಿಯನ್ನು ಹಾಕಿಸಬಹುದು. ಆದರೆ ಆ ಎಡೆಯನ್ನು ಸಾರ್ವಜನಿಕವನ್ನಾಗಿ ಮಾಡುವುದು ಜನರ ದಿನಚರಿಯೇ. ನೀರು ತರುವುದು, ಕಾಯಿಪಲ್ಯ ಕೊಳ್ಳುವುದು, ಗಾಡಿಗಾಗಿ ಕಾಯುವುದು ಮುಂತಾದ ಸಣ್ಣ ಕೆಲಸಗಳಿಗಾಗಿ ಜನರು ದಿನವೂ ಬಂದು ಸೇರುವಲ್ಲಿ ಸಾರ್ವಜನಿಕ ಸ್ಥಳವು ಹುಟ್ಟುವುದು. ಆ ಕೆಲಸವು ತಪ್ಪಿಹೋದರೆ ಸ್ಥಳವೂ ಮಾರ್ಪಡುವುದು. ನಮ್ಮ ನಾಡಿನಲ್ಲಿ ಪಟ್ಟಣಗಳು ಬೆಳೆದಂತೆ ಇದು ಹೇಗೆ ನಡೆಯಿತು, ಇದರಿಂದ ಹೆಣ್ಣುಮಕ್ಕಳಿಗೆ ಉಂಟಾದ ಲಾಭನಷ್ಟಗಳೇನು ಎಂಬುದನ್ನು ಇಲ್ಲಿ ವಿಚಾರಮಾಡಲು ಇಚ್ಛಿಸುತ್ತೇವೆ.

ಮೊದಲು ನಮ್ಮ ಸೀಮೆಯನ್ನೇ ನೋಡೋಣ. ಹಿಂದೆ ತರೀಕೆರೆ ತಾಲ್ಲೂಕಿಗೆ ಸೇರಿದ್ದು ಈಗ ಅಜ್ಜಂಪುರ ತಾಲ್ಲೂಕಿನಲ್ಲಿರುವ ಶಿವನಿಯು ಬೀರೂರಿಗೂ ಚಿಕ್ಕಜಾಜೂರಿಗೂ ನಡುವಣ ರೈಲುದಾರಿಯ ಮೇಲಿರುವ ಒಂದು ನಿಲ್ದಾಣ. ಬೆಂಗಳೂರಿನಿಂದ ಹೊರಟ ಈ ದಾರಿಯು ಹರಿಹರವನ್ನು ಮುಟ್ಟಿದ್ದು 1889ರಲ್ಲಿ. ಅದಕ್ಕೆ ಮುಂಚೆ ಇಂತಹ ಊರುಗಳಲ್ಲಿ ಜನರು ಕಲೆಯುವ ಎಡೆಗಳೆಂದರೆ ಕೆರೆ, ಬಾವಿ, ಕಟ್ಟೆ, ಸಂತೆ, ದೇವಸ್ಥಾನದ ಅಂಗಳ, ಇಷ್ಟೆ. ಪ್ರತಿಯೊಂದಕ್ಕೂ ಅದರದೇ ಹೊತ್ತು, ಅದರದೇ ಜನ. ಬೆಳಗೂ ಸಂಜೆಯೂ ನೀರಿನ ಬಳಿ ಹೆಂಗಸರು. ಹೊತ್ತು ಇಳಿದ ಮೇಲೆ ಕಟ್ಟೆಯ ಮೇಲೆ ಗಂಡಸರು. ವಾರಕ್ಕೊಮ್ಮೆ ಸಂತೆಯಲ್ಲಿ ಸುತ್ತಣ ಹಳ್ಳಿಗಳ ಎಲ್ಲರೂ.

ಆ ಕಾಲದ ಬಯಲುಗಳನ್ನು ಕೇವಲ ಹೊಗಳಿ ಬಿಡುವುದು ನ್ಯಾಯವಲ್ಲ. ಎಲ್ಲರದೆಂದು ಹೇಳಿಕೊಳ್ಳುತ್ತಿದ್ದ ಬಾವಿಯು ಎಲ್ಲರದಾಗಿರಲಿಲ್ಲ. ಮುಟ್ಟಬಾರದವರೆಂದು ದೂರವಿಡಲ್ಪಟ್ಟ ಜನರಿಗೆ ಕೊಡವನ್ನಿಳಿಸುವ ಹಕ್ಕೇ ಇರಲಿಲ್ಲ. 1927ರಲ್ಲಿ ಡಾಕ್ಟರ್ ಅಂಬೇಡ್ಕರರು ಮಹಾಡಿನ ಚವದಾರ ಕೆರೆಯ ನೀರನ್ನು ತಮ್ಮವರೊಡನೆ ಕೈಯಲ್ಲೆತ್ತಿ ಕುಡಿದುದು ಈ ಅನ್ಯಾಯವನ್ನು ಲೋಕಕ್ಕೆ ತೋರಿಸುವುದಕ್ಕಾಗಿಯೇ. ರೈಲು ಬಂದುದರಿಂದ ಈ ವಿಷಯದಲ್ಲಿ ಒಂದು ದೊಡ್ಡ ಬದಲಾವಣೆಯಾಯಿತು. ನಿಲ್ದಾಣಗಳಲ್ಲಿ ಕುಡಿಯುವ ನೀರು ಕೊಡುವಾಗ ಬಹುಕಾಲ ಭೇದವು ಉಳಿದಿದ್ದರೂ, ಗಾಡಿಯೊಳಗೆ ಕುಳಿತುಕೊಳ್ಳುವುದಕ್ಕೆ ಟಿಕೇಟಿನ ತರಗತಿಯೇ ಪ್ರಮಾಣವಾಯಿತು. ಬೇರೆ ಬೇರೆ ಬೀದಿಗಳಲ್ಲಿ ಬಾಳುತ್ತಿದ್ದವರು ಒಂದೇ ಪ್ಲಾಟ್‌ಫಾರಮಿನ ಮೇಲೆ ಒಂದೇ ಗಾಡಿಗಾಗಿ ಕಾದು ನಿಂತರು. ಇದನ್ನು ಯಾವ ಉಪದೇಶಕರೂ ಬೋಧಿಸಲಿಲ್ಲ. ಪ್ರಯಾಣವೆಂಬ ನಿತ್ಯದ ಅಗತ್ಯವೇ ಮಾಡಿಸಿತು.

ಇನ್ನು ನೀರಿನ ಎಡೆಯನ್ನು ವಿಚಾರಿಸೋಣ. ಯೋಹಾನನ ಸುವಾರ್ತೆಯಲ್ಲಿ ಬರುವ ಸಮಾರ್ಯದ ಸ್ತ್ರೀಯ ಕಥೆಯನ್ನು ನಮ್ಮ ವಿದ್ಯಾರ್ಥಿನಿಯರೆಲ್ಲರೂ ಬಲ್ಲರು. ಆಕೆಗೂ ಕರ್ತನಿಗೂ ಸಂಭಾಷಣೆ ನಡೆದುದು ಮನೆಯಲ್ಲಲ್ಲ, ಆಲಯದಲ್ಲೂ ಅಲ್ಲ, ಊರ ಹೊರಗಣ ಬಾವಿಯ ಬಳಿಯಲ್ಲಿ. ಕೊಡವು ಆಕೆಯ ಜೊತೆಯಲ್ಲಿದ್ದಿತು. ಆದುದರಿಂದ ಅಲ್ಲಿ ಏಕೆ ಬಂದೆಯೆಂದು ಆಕೆಯನ್ನು ಯಾರೂ ಕೇಳುವಂತಿರಲಿಲ್ಲ. ನಮ್ಮ ದೇಶದಲ್ಲಿಯೂ ಹೀಗೆಯೇ. ಹೆಂಗಸಿನ ಸೊಂಟದ ಮೇಲಿನ ಕೊಡವು ಆಕೆಗೆ ಹೊರಗೆ ಬರಲು ದೊರೆತ ರಹದಾರಿಯಾಗಿದ್ದಿತು. ಹೊರೆಯೇನೋ ಭಾರವಾದುದೇ, ಆದರೆ ತವರಿನ ಸುದ್ದಿ, ಮಗುವಿನ ಜ್ವರ, ಅತ್ತೆಯ ಮಾತು, ಇವುಗಳನ್ನೆಲ್ಲ ಸಮಾನ ದುಃಖದವರೊಡನೆ ಆಡಿಕೊಳ್ಳುವುದಕ್ಕೆ ಆಕೆಗಿದ್ದ ಸಭೆಯು ಅದೊಂದೇ.

ಪಟ್ಟಣವು ಬೆಳೆದಾಗ ಮೊದಲು ಹೋದುದು ಇದೇ. ಬೆಂಗಳೂರಿನ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಆ ನಗರದ ಪೇಟೆಗೂ ದಂಡಿಗೂ ನೀರನ್ನು ಒದಗಿಸುತ್ತಿದ್ದವು ಧರ್ಮಾಂಬುಧಿ, ಸಂಪಂಗಿ, ಹಲಸೂರು ಮುಂತಾದ ಕೆರೆಗಳು. 1890ರ ದಶಕದಲ್ಲಿ ಹೆಸರಘಟ್ಟದ ಕೆರೆಯಿಂದ ಕೊಳವೆಗಳ ಮೂಲಕ ನೀರು ಬರತೊಡಗಿತು. 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯವೂ, 1974ರಲ್ಲಿ ಕಾವೇರಿಯ ನೀರೂ ಒದಗಿದವು. ನೀರು ಬೀದಿಯ ನಲ್ಲಿಗೆ, ಆಮೇಲೆ ಮನೆಯ ನಲ್ಲಿಗೆ ಬಂದಿತು. ಕೆರೆಗಳಿಗೆ ದಿನವೂ ಹೋಗುವವರಿಲ್ಲವಾದರು; ಕಾಯುವವರೂ ಇಲ್ಲವಾದರು. ಧರ್ಮಾಂಬುಧಿಯು ಬತ್ತಿ ಬಯಲಾಗಿ ಕಡೆಗೆ ಕೆಂಪೇಗೌಡ ಬಸ್ಸು ನಿಲ್ದಾಣವಾಯಿತು. ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣವು ಎದ್ದಿತು.

ಆದರೂ ಸಂಪಂಗಿ ಕೆರೆಯು ಪೂರ್ತಿಯಾಗಿ ಅಳಿಯಲಿಲ್ಲವೆಂಬುದು ಗಮನಿಸತಕ್ಕ ಸಂಗತಿ. ಕ್ರೀಡಾಂಗಣದ ಪಕ್ಕದಲ್ಲಿ ಅದರ ಒಂದು ಸಣ್ಣ ಕೊಳವು ಉಳಿದಿದೆ. ಚೈತ್ರಮಾಸದಲ್ಲಿ ತಿಗಳರ ಪೇಟೆಯ ಧರ್ಮರಾಯಸ್ವಾಮಿಯ ದೇವಸ್ಥಾನದಿಂದ ನಡೆಯುವ ದ್ರೌಪದಿಯ ಕರಗದ ವಿಧಿಗಳಲ್ಲಿ ಈ ನೀರಿಗೆ ಇಂದಿಗೂ ಪಾತ್ರವುಂಟು. ತಿಗಳರು ತೋಟಗಾರರು, ಕೆರೆಯ ನೀರಿನಿಂದ ಬಾಳಿದವರು. ಕರಗದ ಮೆರವಣಿಗೆಯು ಹಜರತ್ ತವಕ್ಕಲ್ ಮಸ್ತಾನರ ದರ್ಗಾಕ್ಕೂ ಹೋಗಿಬರುವುದು. ನಿತ್ಯದ ಬಳಕೆ ತಪ್ಪಿದ ಮೇಲೆಯೂ ವರ್ಷಕ್ಕೊಮ್ಮೆ ನಡೆಯುವ ಒಂದು ಬಳಕೆಯು ನಗರದ ಹಳೆಯ ಬಯಲನ್ನು ಇಷ್ಟಾದರೂ ಉಳಿಸಿಕೊಂಡಿತೆಂದು ಹೇಳಬಹುದು. ಜನರ ಕಾಲು ತುಳಿಯದ ಸ್ಥಳಕ್ಕೆ ರಕ್ಷಣೆಯಿಲ್ಲ.

ಕೆರೆ ಬಾವಿಗಳಿಗೆ ಬದಲಾಗಿ ಪಟ್ಟಣಗಳು ಕೊಟ್ಟದ್ದು ಉದ್ಯಾನಗಳನ್ನು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಮಾರಿ ಬಂದಿತು. ಕಿಕ್ಕಿರಿದ ಪೇಟೆಯ ಓಣಿಗಳಿಂದ ಜನರು ಹೊರಗೆ ಹೋಗಲೆಂದು ಬಸವನಗುಡಿ, ಮಲ್ಲೇಶ್ವರಗಳೆಂಬ ಬಡಾವಣೆಗಳು ಅಗಲವಾದ ಬೀದಿಗಳಿಂದಲೂ ಮರಗಳಿಂದಲೂ ಬಯಲುಗಳಿಂದಲೂ ಕೂಡಿ ಬೆಳೆದವು. ಅಲ್ಲಿ ಬಯಲನ್ನು ಬಿಟ್ಟದ್ದು ಗಾಳಿಗಾಗಿ, ಆರೋಗ್ಯಕ್ಕಾಗಿ. ಅದಕ್ಕೂ ಮುಂಚೆ, 1870ರಲ್ಲಿ, ರಿಚರ್ಡ್ ಸ್ಯಾಂಕಿಯೆಂಬ ಇಂಜಿನಿಯರರು ಕಬ್ಬನ್ ಉದ್ಯಾನವನ್ನು ರೂಪಿಸಿದ್ದರು. 1927ರಲ್ಲಿ ಅದಕ್ಕೆ ಶ್ರೀ ಚಾಮರಾಜೇಂದ್ರ ಉದ್ಯಾನವೆಂದು ಹೆಸರಿಡಲಾಯಿತಾದರೂ ಜನರ ನಾಲಗೆಯಲ್ಲಿ ಹಳೆಯ ಹೆಸರೇ ನಿಂತಿತು.

ಉದ್ಯಾನಕ್ಕೂ ಬಾವಿಗೂ ಒಂದು ಮುಖ್ಯವಾದ ವ್ಯತ್ಯಾಸವುಂಟು. ಬಾವಿಗೆ ಹೋಗುವುದಕ್ಕೆ ಕೆಲಸವೇ ಕಾರಣ. ಉದ್ಯಾನಕ್ಕೆ ಹೋಗುವುದಕ್ಕೆ ಕೆಲಸವಿಲ್ಲದಿರುವುದೇ ಕಾರಣ. ಗಂಡಸಿಗೆ ಇದರಿಂದ ತೊಂದರೆಯಿಲ್ಲ. ಕೆಲಸವಿಲ್ಲದೆ ಬೀದಿಯಲ್ಲಿ ನಿಂತ ಗಂಡಸನ್ನು ಯಾರೂ ಏನೂ ಕೇಳರು. ಹೆಂಗಸು ನಿಂತರೆ ಹತ್ತು ಕಣ್ಣುಗಳು ಕೇಳುವುವು. ಆದುದರಿಂದಲೇ ಆಕೆಯು ಕೈಯಲ್ಲಿ ಚೀಲವನ್ನೋ ಪುಸ್ತಕವನ್ನೋ ಹಿಡಿದು, ಎಲ್ಲಿಗೋ ಹೋಗುತ್ತಿರುವವಳಂತೆ ಬೇಗ ಬೇಗ ನಡೆಯುವುದು. 2011ರಲ್ಲಿ ಶಿಲ್ಪಾ ಫಡ್ಕೆ, ಸಮೀರಾ ಖಾನ್, ಶಿಲ್ಪಾ ರಾನಡೆ ಎಂಬ ಮೂವರು ಮುಂಬಯಿ ನಗರವನ್ನು ಕುರಿತು ಬರೆದ ಒಂದು ಗ್ರಂಥದಲ್ಲಿ, ಸುಮ್ಮನೆ ಅಡ್ಡಾಡುವ ಹಕ್ಕು ಹೆಂಗಸರಿಗೂ ಬೇಕೆಂದು ವಾದಿಸಿದ್ದಾರೆ. ಬೆಂಗಳೂರಿನಲ್ಲಿ 2003ರಲ್ಲಿ ಜಸ್ಮೀನ್ ಪಠೇಜಾರವರು ಆರಂಭಿಸಿದ 'ಬ್ಲಾಂಕ್ ನಾಯ್ಸ್' ಎಂಬ ಸಂಘದವರು, ಹೆಂಗಸರು ಸಾರ್ವಜನಿಕ ಉದ್ಯಾನಗಳಲ್ಲಿ ಭಯವಿಲ್ಲದೆ ಮಲಗಿ ನಿದ್ರಿಸುವ ಕೂಟಗಳನ್ನು ಏರ್ಪಡಿಸಿದರು. ಇದನ್ನು ಕೇಳಿ ನಗುವವರುಂಟು. ಆದರೆ ಮರದ ನೆರಳಿನಲ್ಲಿ ಟವಲನ್ನು ಮುಖಕ್ಕೆ ಹಾಕಿಕೊಂಡು ನಿದ್ರಿಸುವ ಗಂಡಸನ್ನು ನೋಡಿ ನಾವೆಂದಾದರೂ ನಕ್ಕೆವೇ?

ಕೆಲಸವು ಸ್ಥಳವನ್ನು ಸೃಷ್ಟಿಸುವುದೆಂಬುದಕ್ಕೆ ಈಚಿನ ನಿದರ್ಶನವು ಬಸ್ಸು ನಿಲ್ದಾಣ. 2023ರ ಜೂನ್ 11ರಂದು ಕರ್ನಾಟಕ ಸರಕಾರವು 'ಶಕ್ತಿ' ಯೋಜನೆಯನ್ನು ಜಾರಿಗೆ ತಂದು, ರಾಜ್ಯದೊಳಗಿನ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಉಚಿತ ಪ್ರಯಾಣವನ್ನು ಕಲ್ಪಿಸಿತು. ಅದರ ಖರ್ಚುವೆಚ್ಚಗಳ ವಿಚಾರದಲ್ಲಿ ಭಿನ್ನಾಭಿಪ್ರಾಯಗಳಿರಬಹುದು. ಆದರೆ ಬಸ್ಸು ನಿಲ್ದಾಣಗಳ ನೋಟವು ಬದಲಾಯಿತೆಂಬುದರಲ್ಲಿ ಸಂದೇಹವಿಲ್ಲ. ಕಡೂರು, ಬೀರೂರು, ತರೀಕೆರೆಗಳಂತಹ ಊರುಗಳ ನಿಲ್ದಾಣಗಳಲ್ಲಿ ಹೆಂಗಸರು ಗುಂಪಾಗಿ ಕುಳಿತು ಕಾಯುವುದು ಈಗ ಸಹಜವಾದ ದೃಶ್ಯ. ಹೆಚ್ಚು ಮಂದಿ ಹೆಂಗಸರಿರುವಲ್ಲಿ ಒಬ್ಬೊಂಟಿಯಾದ ಹುಡುಗಿಗೂ ಧೈರ್ಯವುಂಟಾಗುವುದು. ಆದುದರಿಂದ ನಿಲ್ದಾಣದಲ್ಲಿ ದೀಪ, ಕುಡಿಯುವ ನೀರು, ಶುಚಿಯಾದ ಶೌಚಗೃಹ, ಕುಳಿತುಕೊಳ್ಳಲು ಆಸನ ಇವು ಅಲಂಕಾರಗಳಲ್ಲ, ಅವಶ್ಯಕಗಳು.

ಬೀದಿಯ ವಿಷಯದಲ್ಲಿಯೂ ಇದೇ ನ್ಯಾಯವು ಸಲ್ಲುವುದು. ಅಮೇರಿಕದ ಜೇನ್ ಜೇಕಬ್ಸ್ ಎಂಬ ಲೇಖಕಿಯು 1961ರಲ್ಲಿ ಪ್ರಕಟಿಸಿದ ಪ್ರಸಿದ್ಧ ಗ್ರಂಥದಲ್ಲಿ, ಬೀದಿಯನ್ನು ಕಾಪಾಡುವವರು ಪೊಲೀಸರಿಗಿಂತ ಹೆಚ್ಚಾಗಿ ಅಲ್ಲಿನ ಅಂಗಡಿಯವರೂ ನೆರೆಹೊರೆಯವರೂ ದಾರಿಹೋಕರೂ ಎಂಬುದನ್ನು ತೋರಿಸಿದರು. ನಮ್ಮ ಊರುಗಳ ಹೂವಿನವಳು, ಸೊಪ್ಪಿನವಳು, ಕಡಲೆಕಾಯಿ ಹುರಿಯುವವನು ಮಾಡುತ್ತಿರುವ ಸೇವೆಯು ಇದೇ. ಸಂಜೆ ತಡವಾಗಿ ಮನೆಗೆ ಮರಳುವ ವಿದ್ಯಾರ್ಥಿನಿಗೆ ಅವರ ಬುಟ್ಟಿಯ ಪಕ್ಕದ ದೀಪವೇ ಕಾವಲು. ಪಟ್ಟಣವು ದೊಡ್ಡದಾದಾಗ ವಾಹನಗಳಿಗೆ ದಾರಿಮಾಡುವುದಕ್ಕಾಗಿ ಮೊದಲು ಎಬ್ಬಿಸಲ್ಪಡುವವರು ಇವರೇ. ಇವರ ಜೀವನೋಪಾಯವನ್ನು ರಕ್ಷಿಸುವುದಕ್ಕಾಗಿ 2014ರಲ್ಲಿ ಬೀದಿ ವ್ಯಾಪಾರಿಗಳ ಕಾಯಿದೆಯು ಆಗಿದೆ. ಕಾಲುದಾರಿಯನ್ನು ನಡೆಯುವವರಿಗೂ ಮಾರುವವರಿಗೂ ನ್ಯಾಯವಾಗಿ ಹಂಚುವುದು ಕಷ್ಟವಾದರೂ ಅಸಾಧ್ಯವಲ್ಲ. 2020ರ ನವೆಂಬರಿನಿಂದ ಕೆಲವು ತಿಂಗಳು ಬೆಂಗಳೂರಿನ ಚರ್ಚ್ ಸ್ಟ್ರೀಟಿನಲ್ಲಿ ವಾರದ ಕೊನೆಯ ದಿನಗಳಂದು ವಾಹನಗಳನ್ನು ನಿಲ್ಲಿಸಿ ನೋಡಿದರು. ಬೀದಿಯು ನಡೆಯುವವರದೂ ಹೌದೆಂಬುದು ಆಗ ಅನೇಕರಿಗೆ ನೆನಪಾಯಿತು.

ಈಗ ಇನ್ನೊಂದು ಬದಲಾವಣೆಯು ನಮ್ಮ ಕಣ್ಣೆದುರಿಗೇ ನಡೆಯುತ್ತಿದೆ. ಕೈಯಲ್ಲಿರುವ ಫೋನಿನ ಮೂಲಕ ಸಾಮಾನುಗಳು ಮನೆಬಾಗಿಲಿಗೆ ಬರುವುವು. ಹಣವು ಬ್ಯಾಂಕಿಗೆ ಹೋಗದೆಯೇ ಸಲ್ಲುವುದು. ಸ್ನೇಹಿತರೊಡನೆ ಮಾತೂ ಮನೆಯೊಳಗಿಂದಲೇ. ನಲ್ಲಿಯು ಬಾವಿಗೆ ಮಾಡಿದುದನ್ನು ಫೋನು ಅಂಗಡಿಬೀದಿಗೆ ಮಾಡುತ್ತಿದೆ. ನಲ್ಲಿಯನ್ನು ಕಿತ್ತು ಕೊಡವನ್ನು ಮತ್ತೆ ಹೊರಿಸಬೇಕೆಂದು ನಾವು ಖಂಡಿತವಾಗಿಯೂ ಹೇಳುವುದಿಲ್ಲ. ನೀರು ಹೊರುವುದು ತಪ್ಪಿದುದರಿಂದಲೇ ಎಷ್ಟೋ ಹುಡುಗಿಯರು ಹೊತ್ತಿಗೆ ಸರಿಯಾಗಿ ಶಾಲೆಗೆ ಬರುವಂತಾಯಿತು. ಆದರೆ ಒಂದು ಹೊರೆಯನ್ನು ಇಳಿಸುವಾಗ, ಆ ಹೊರೆಯ ನೆಪದಲ್ಲಿ ಹೆಂಗಸಿಗೆ ದೊರೆಯುತ್ತಿದ್ದ ಬಯಲನ್ನೂ ಕಸಿದುಕೊಳ್ಳಬಾರದು. ಹಳೆಯ ಎಡೆಗೆ ಬದಲಾಗಿ ಹೊಸ ಎಡೆಯನ್ನು ಕೊಡದಿದ್ದರೆ, ಉಳಿಸಿದ ಹೊತ್ತನ್ನು ಆಕೆಯು ನಾಲ್ಕು ಗೋಡೆಗಳ ನಡುವೆಯೇ ಕಳೆಯಬೇಕಾಗುವುದು.

ಹೊಸ ಎಡೆಗಳು ಯಾವುವು? ಮೊದಲನೆಯದು ಆಟದ ಬಯಲು. ಇರುವ ಬಯಲನ್ನು ಕಾಪಾಡುವುದಕ್ಕಾಗಿ ಕರ್ನಾಟಕದಲ್ಲಿ 1985ರಲ್ಲಿ ಉದ್ಯಾನ, ಆಟದ ಮೈದಾನ ಮತ್ತು ತೆರವು ಸ್ಥಳಗಳ ಸಂರಕ್ಷಣೆಯ ಕಾಯಿದೆಯೇ ಆಗಿದೆ. ಆದರೆ ಬಯಲಿದ್ದರೂ ಅದರಲ್ಲಿ ಹುಡುಗರೇ ಆಡುತ್ತಿದ್ದರೆ ಅದು ಅರ್ಧ ಊರಿನ ಬಯಲು. ಎರಡನೆಯದು ಗ್ರಂಥಾಲಯ. 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯಿಂದ ಪ್ರಾರಂಭವಾದ ಕಾರ್ಯವು ಇಂದು ಗ್ರಾಮಪಂಚಾಯಿತಿಗಳ ಅರಿವು ಕೇಂದ್ರಗಳವರೆಗೆ ಬಂದಿದೆ. ಸುಮ್ಮನೆ ಕುಳಿತಿರುವ ಹುಡುಗಿಯನ್ನು ಕೇಳುವವರುಂಟು, ಓದುತ್ತ ಕುಳಿತವಳನ್ನು ಕೇಳುವವರು ಕಡಮೆ. ಕಬ್ಬನ್ ಉದ್ಯಾನದಲ್ಲಿಯೂ 2023ರ ಸುಮಾರಿನಿಂದ ವಾರಕ್ಕೊಮ್ಮೆ ಜನರು ಹುಲ್ಲಿನ ಮೇಲೆ ಕುಳಿತು ಮೌನವಾಗಿ ಓದುವ ಕೂಟವೊಂದು ಬೆಳೆದುಬಂದಿತು. ಅದಕ್ಕೆ ಕಟ್ಟಡ ಬೇಕಾಗಲಿಲ್ಲ, ಚಂದಾ ಬೇಕಾಗಲಿಲ್ಲ. ಇದನ್ನು ಯಾವ ಚಿಕ್ಕ ಊರಿನಲ್ಲಿಯಾದರೂ ಅನುಸರಿಸಬಹುದು.

ಬೆಂಗಳೂರಿನಂತಹ ನಗರವು ಕಳೆದುಕೊಂಡುದನ್ನು ಮರಳಿ ಪಡೆಯಲು ಬಹಳ ಶ್ರಮಪಡಬೇಕಾಗಿದೆ. ಶಿವನಿ, ಅಜ್ಜಂಪುರಗಳಂತಹ ಊರುಗಳು ಇನ್ನೂ ಅಷ್ಟನ್ನು ಕಳೆದುಕೊಂಡಿಲ್ಲ. ಅಜ್ಜಂಪುರವು ತಾಲ್ಲೂಕಿನ ಕೇಂದ್ರವಾದುದರಿಂದ ಕಚೇರಿಗಳೂ ಅಂಗಡಿಗಳೂ ವಾಹನಗಳೂ ಹೆಚ್ಚುವುದು ಸಹಜ. ಬೆಳೆಯುವ ಊರಿನಲ್ಲಿ ನಿವೇಶನಕ್ಕೆ ಬೆಲೆಯುಂಟು, ಬಯಲಿಗೆ ಬೆಲೆಯಿಲ್ಲವೆಂದು ತೋರುವುದು. ಇಂದು ಬಿಟ್ಟ ಬಯಲೇ ನಾಳೆಯ ಬಯಲು. ಕಟ್ಟಿದ ಮೇಲೆ ಕೆಡವಿ ಬಯಲು ಮಾಡಿದ ಊರನ್ನು ಕಾಣುವುದು ಅಪೂರ್ವ.

ಪ್ರವಾದಿಯಾದ ಜೆಕರ್ಯನು ಹಾಳಾಗಿದ್ದ ಯೆರೂಸಲೇಮು ಪಟ್ಟಣವು ಮತ್ತೆ ಏಳ್ಗೆಯಾಗುವುದನ್ನು ಮನಸ್ಸಿನಲ್ಲಿ ಕಂಡಾಗ, ಕೋಟೆಯ ಎತ್ತರವನ್ನೊಂದೇ ನೆನೆಯಲಿಲ್ಲ. ಅದರ ಬೀದಿಗಳಲ್ಲಿ ಮುದುಕರೂ ಮುದುಕಿಯರೂ ನೆಮ್ಮದಿಯಿಂದಿರುವುದನ್ನೂ, ಹುಡುಗರೊಡನೆ ಹುಡುಗಿಯರೂ ಆಡುತ್ತಿರುವುದನ್ನೂ ಸಮೃದ್ಧಿಯ ಗುರುತಾಗಿ ಕಂಡನು. ಪಟ್ಟಣದ ಏಳ್ಗೆಯನ್ನು ಅಳೆಯುವುದಕ್ಕೆ ಇದಕ್ಕಿಂತ ಒಳ್ಳೆಯ ಕೋಲು ನಮಗೆ ತಿಳಿಯದು. ನಮ್ಮ ಶಾಲೆಯಿಂದ ಹೊರಟುಹೋಗುವ ವಿದ್ಯಾರ್ಥಿನಿಯರು ಮುಂದೆ ಪಂಚಾಯಿತಿಯ ಸದಸ್ಯೆಯರೋ ಇಂಜಿನಿಯರರೋ ಅಧ್ಯಾಪಕಿಯರೋ ಗೃಹಿಣಿಯರೋ ಆಗಿ ಯಾವುದೋ ಊರಿನಲ್ಲಿ ನೆಲೆಸುವರು. ಆ ಊರಿನ ನಕ್ಷೆಯು ತಮ್ಮ ಮುಂದೆ ಬಂದಾಗ ಅವರು ಒಂದು ಪ್ರಶ್ನೆಯನ್ನು ಕೇಳಲಿ: ಕೊಡವಿಲ್ಲದೆ, ಚೀಲವಿಲ್ಲದೆ, ಯಾವ ಕೆಲಸದ ನೆಪವೂ ಇಲ್ಲದೆ ಒಬ್ಬ ಹುಡುಗಿಯು ಅರ್ಧ ಗಂಟೆ ಕುಳಿತುಕೊಳ್ಳಬಹುದಾದ ಎಡೆಯು ಇದರಲ್ಲಿ ಎಲ್ಲಿದೆ? ಇಲ್ಲವಾದರೆ, ಒಂದು ಮರವನ್ನೂ ಅದರ ಕೆಳಗೆ ಒಂದು ಕಲ್ಲುಬೆಂಚನ್ನೂ ಇರಿಸುವುದರಿಂದ ಮೊದಲುಮಾಡಲಿ.