ತಂತ್ರಾಂಶದಲ್ಲಿ ಮೆಮೊರಿ ಸೋರಿಕೆ: ಪತ್ತೆ ಹಚ್ಚುವ ಬಗೆ

ಬೆಳಿಗ್ಗೆ ಚುರುಕಾಗಿ ನಡೆಯುವ ಬಿಲ್ಲಿಂಗ್ ತಂತ್ರಾಂಶವು ದಿನ ಕಳೆದಂತೆ ನಿಧಾನವಾಗಿ, ಕೊನೆಗೆ ನಿಂತೇ ಹೋಗುವುದು ಅನೇಕ ಉದ್ದಿಮೆದಾರರ ಅನುಭವ. ಗಣಕಯಂತ್ರವನ್ನು ಮುಚ್ಚಿ ಮತ್ತೆ ಚಾಲೂ ಮಾಡಿದರೆ ಕೆಲಸ ಸಾಗುತ್ತದೆ. ಆದರೆ ಇದರಿಂದ ದೋಷ ನಿವಾರಣೆಯಾಗುವುದಿಲ್ಲ. ದೋಷದ ಕುರುಹು ಮಾತ್ರ ಅಳಿಸಿಹೋಗುತ್ತದೆ. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದ ಉದ್ದಿಮೆಗಳು ಇತರ ವ್ಯಾಪಾರಿಗಳಿಗೆ ಮಾಡುವ ಮಾರಾಟಕ್ಕೆ 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ ಕಡ್ಡಾಯವಾಗಿದೆ. ಹೀಗಿರುವಾಗ ತಂತ್ರಾಂಶ ನಿಂತರೆ ಸರಕು ತುಂಬಿದ ಲಾರಿಯೂ ಗೇಟಿನಲ್ಲೇ ನಿಲ್ಲುತ್ತದೆ.

ಸೋರಿಕೆ ಎಂದರೇನು?

ಪ್ರತಿಯೊಂದು ತಂತ್ರಾಂಶವೂ ಕೆಲಸಕ್ಕಾಗಿ ಯಂತ್ರದಿಂದ ಮೆಮೊರಿಯನ್ನು ಪಡೆದು, ಕೆಲಸ ಮುಗಿದೊಡನೆ ಹಿಂತಿರುಗಿಸಬೇಕು. ಹಿಂತಿರುಗಿಸಲು ಮರೆತರೆ ಅದೇ ಸೋರಿಕೆ. ಎರಕಶಾಲೆಯಲ್ಲಿ ಬಳಸಿದ ಮೋಲ್ಡಿಂಗ್ ಬಾಕ್ಸ್‌ಗಳನ್ನು ಸ್ವಸ್ಥಾನಕ್ಕೆ ತಾರದಿದ್ದರೆ, ಬಾಕ್ಸ್‌ಗಳಿದ್ದೂ ಮುಂದಿನ ಎರಕ ನಿಲ್ಲುವಂತೆ ಇದು.

ಲಂಡನ್ ಆಂಬ್ಯುಲೆನ್ಸ್ ಸೇವೆಯ ಗಣಕ ವ್ಯವಸ್ಥೆಯು 1992ರ ನವೆಂಬರ್ 4ರಂದು ಸ್ಥಗಿತಗೊಂಡದ್ದು ಇದೇ ಕಾರಣದಿಂದ. ಪ್ರತಿ ವಾಹನ ರವಾನೆಗೂ ಸರ್ವರ್‌ನ ಸ್ವಲ್ಪ ಮೆಮೊರಿ ಬಳಕೆಯಾಗಿ ಬಿಡುಗಡೆಯಾಗದೆ ಉಳಿಯುತ್ತಿತ್ತು. ಸುಮಾರು ಮೂರು ವಾರಗಳಲ್ಲಿ ಎಲ್ಲವೂ ಬರಿದಾಯಿತು.

ಒಂದೇ ತಂತ್ರಾಂಶ, ಎರಡು ಫಲ

ಒಂದು ತಂತ್ರಾಂಶವು ಪ್ರತಿ ಬಿಲ್ಲಿಗೆ 500 ಕೆಬಿ ಸೋರಿಸುತ್ತದೆಂದೂ, ದಿನಕ್ಕೆ 200 ಬಿಲ್ಲುಗಳಾಗುತ್ತವೆಂದೂ ಭಾವಿಸೋಣ. ದಿನದ ನಷ್ಟ 100 ಎಂಬಿ. ಖಾನಾಪುರದ ಹೆಂಚಿನ ವ್ಯಾಪಾರಿ ಸಂಜೆ ಯಂತ್ರ ಮುಚ್ಚುವುದರಿಂದ ಆತನಿಗೆ ತೊಂದರೆಯೇ ಕಾಣದು. ಬೆಳಗಾವಿಯ ಉದ್ಯಮಬಾಗದ ಎರಕ ಘಟಕದಲ್ಲಿ ಪಾಳಿಗಳು ಹಗಲಿರುಳು ನಡೆಯುವುದರಿಂದ ಅದೇ ತಂತ್ರಾಂಶ ನಿಲ್ಲದೆ ಓಡುತ್ತದೆ. 32-ಬಿಟ್ ತಂತ್ರಾಂಶಕ್ಕೆ ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ದೊರೆಯುವ 2 ಜಿಬಿ ಮಿತಿಯು ಅಲ್ಲಿ ಸುಮಾರು 20 ದಿನಗಳಲ್ಲಿ ಮುಗಿಯುತ್ತದೆ. ಯಂತ್ರಕ್ಕೆ ಹೆಚ್ಚು ರ‍್ಯಾಮ್ ಹಾಕಿಸಿದರೂ ಈ ಮಿತಿ ಹಿಗ್ಗದು. ಆದ್ದರಿಂದ "ಬೇರೆ ಗ್ರಾಹಕರಲ್ಲಿ ಸರಿಯಾಗಿಯೇ ನಡೆಯುತ್ತಿದೆ" ಎಂಬ ಮಾರಾಟಗಾರರ ಉತ್ತರ ನಿಜವಾಗಿದ್ದರೂ ಸಾಲದು.

ಪತ್ತೆಯ ಕ್ರಮ

ವಿಂಡೋಸ್‌ನಲ್ಲಿಯೇ ಅಡಕವಾಗಿರುವ ಪರ್ಫಾರ್ಮೆನ್ಸ್ ಮಾನಿಟರ್ ಎಂಬ ಸಾಧನಕ್ಕೆ ಪ್ರತ್ಯೇಕ ವೆಚ್ಚವಿಲ್ಲ.

1. ಅದರ ಡೇಟಾ ಕಲೆಕ್ಟರ್ ಸೆಟ್ಸ್ ವಿಭಾಗದಲ್ಲಿ ಹೊಸ ದಾಖಲೆಯನ್ನು ಆರಂಭಿಸಬೇಕು.
2. 'ಪ್ರೊಸೆಸ್' ಗುಂಪಿನಲ್ಲಿ ಸಂಶಯಿತ ತಂತ್ರಾಂಶವನ್ನು ಆರಿಸಿ, 'ಪ್ರೈವೇಟ್ ಬೈಟ್ಸ್' ಮತ್ತು 'ಹ್ಯಾಂಡಲ್ ಕೌಂಟ್' ಎಂಬ ಎರಡು ಮಾಪಕಗಳನ್ನು ಸೇರಿಸಬೇಕು.
3. 5 ನಿಮಿಷಕ್ಕೊಮ್ಮೆ ಅಳತೆ ದಾಖಲಾಗುವಂತೆ ಹೊಂದಿಸಿ, ಒಂದು ವಾರ ತಂತ್ರಾಂಶವನ್ನು ಮುಚ್ಚದೆ ನಡೆಸಬೇಕು.
4. ದಿನದ ಬಿಲ್ಲುಗಳ ಸಂಖ್ಯೆ ಮತ್ತು ವರದಿ ತೆಗೆದ ವೇಳೆಯನ್ನು ಪುಸ್ತಕದಲ್ಲಿ ಬರೆದಿಡಬೇಕು.

ರೇಖೆಯನ್ನು ಓದುವುದು

ಮೆಮೊರಿ ಬಳಕೆ ಹೆಚ್ಚಿದೆ ಎಂದಮಾತ್ರಕ್ಕೆ ಅದು ಸೋರಿಕೆಯಲ್ಲ. ರೇಖೆಯು ಏರಿ ಒಂದು ಮಟ್ಟದಲ್ಲಿ ನಿಂತರೆ, ತಂತ್ರಾಂಶವು ವೇಗಕ್ಕಾಗಿ ಮಾಹಿತಿಯನ್ನು ಕೈಯಳತೆಯಲ್ಲಿ ಇರಿಸಿಕೊಂಡಿರಬಹುದು. ಎಸ್‌ಕ್ಯೂಎಲ್ ಸರ್ವರ್‌ನಂತಹ ದತ್ತಸಂಚಯಗಳು ಉದ್ದೇಶಪೂರ್ವಕವಾಗಿಯೇ ಹೀಗೆ ಮಾಡುತ್ತವೆ. ಏರಿಳಿತವಿರುವ ರೇಖೆಯಲ್ಲಿ ಶಿಖರಗಳನ್ನಲ್ಲ, ತಗ್ಗುಗಳನ್ನು ನೋಡಬೇಕು. ಕೆಲಸವಿಲ್ಲದ ರಾತ್ರಿಯ ತಗ್ಗು ದಿನದಿಂದ ದಿನಕ್ಕೆ ಮೇಲೇರುತ್ತಿದ್ದರೆ ಸೋರಿಕೆಯ ಸಂಶಯ ಬಲವಾಗುತ್ತದೆ.

ಅನಂತರ ಒಂದೇ ಕೆಲಸವನ್ನು, ಉದಾಹರಣೆಗೆ ಬಿಲ್ ಮುದ್ರಣದ ಪೂರ್ವನೋಟವನ್ನು, 100 ಬಾರಿ ಮಾಡಿ ನೋಡಬೇಕು. ಇನ್ನೊಂದು 100 ಬಾರಿ ಮಾಡಿದಾಗಲೂ ಬಳಕೆ ಅಷ್ಟೇ ಏರಿ ಇಳಿಯದಿದ್ದರೆ ಸೋರುವ ಜಾಗ ಬಹುಮಟ್ಟಿಗೆ ಗೊತ್ತಾದಂತೆ.

ಮುಂದಿನ ಹೆಜ್ಜೆ

ದೋಷ ತಿದ್ದುವುದು ತಂತ್ರಾಂಶ ತಯಾರಕರ ಹೊಣೆ. ಅವರಲ್ಲಿ ವಿಷುವಲ್‌ವಿಎಂ, ವಾಲ್‌ಗ್ರಿಂಡ್‌ನಂತಹ ಸೂಕ್ಷ್ಮ ಸಾಧನಗಳಿರುತ್ತವೆ. "ಯಂತ್ರ ನಿಧಾನ" ಎಂಬ ದೂರಿಗಿಂತ ದಿನಾಂಕ, ತಂತ್ರಾಂಶದ ಆವೃತ್ತಿ ಮತ್ತು ಏರುರೇಖೆಯ ಸಹಿತ ಕೊಟ್ಟ ಪತ್ರಕ್ಕೆ ತೂಕ ಹೆಚ್ಚು. ವಾರ್ಷಿಕ ನಿರ್ವಹಣಾ ಒಪ್ಪಂದದಲ್ಲಿ ಇಂತಹ ದೋಷಗಳ ತಿದ್ದುಪಡಿಯನ್ನೂ ಅದರ ಕಾಲಮಿತಿಯನ್ನೂ ಸ್ಪಷ್ಟವಾಗಿ ಸೇರಿಸುವುದು ಒಳ್ಳೆಯದು. ತಿದ್ದುಪಡಿ ಬರುವವರೆಗೆ, ಲಾರಿ ತುಂಬುವ ಸಮಯವಲ್ಲದ ವೇಳೆಯಲ್ಲಿ ತಂತ್ರಾಂಶವನ್ನು ಮಾತ್ರ ಮುಚ್ಚಿ ತೆರೆದರೂ ಸಾಮಾನ್ಯವಾಗಿ ಸಾಕು. ಹೊಸ ಆವೃತ್ತಿ ಬಂದ ಮೇಲೆ ಅದೇ ಒಂದು ವಾರದ ಅಳತೆಯನ್ನು ಮತ್ತೆ ನಡೆಸಿ, ಎರಡು ರೇಖೆಗಳನ್ನು ಹೋಲಿಸಿದ ಬಳಿಕವೇ ದುರಸ್ತಿಯಾಯಿತೆಂದು ಸಹಿ ಹಾಕಬೇಕು.