ಬಾಗಿಲ ಸಂಖ್ಯೆ 25565

ಹೈದರಾಬಾದಿನ ಕೂಕಟ್‌ಪಲ್ಲಿಯಲ್ಲಿರುವ ನಮ್ಮಕ್ಕನ ಮಗಳು ಮೈನ್‌ಕ್ರಾಫ್ಟ್ ಎಂಬ ಕಂಪ್ಯೂಟರ್ ಆಟದಲ್ಲಿ ಒಂದು ಊರು ಕಟ್ಟಿದ್ದಾಳೆ. ಬೀದರಿನ ಚಿಕ್ಕಪ್ಪನ ಮಕ್ಕಳು ಆ ಊರಿಗೆ ಬಂದು ಆಡಬೇಕು, ಆ ಊರು ಮನೆಯ ಹಳೇ ಕಂಪ್ಯೂಟರಿನಲ್ಲೇ ಇರಬೇಕು ಎಂದು ಬೇಸಿಗೆ ರಜೆಯಲ್ಲಿ ಹಟ ಹಿಡಿದಳು. 1956ರವರೆಗೂ ಬೀದರ್ ಹೈದರಾಬಾದ್ ರಾಜ್ಯದಲ್ಲೇ ಇತ್ತು. ನಮ್ಮಂಥ ಎಷ್ಟೋ ಸಂಸಾರಗಳು ಇವತ್ತಿಗೂ ಎರಡೂ ಕಡೆ ಹರಡಿಕೊಂಡಿವೆ. ಮಕ್ಕಳನ್ನು ಸೇರಿಸಲು ಬೇಕಾದದ್ದು ಪೋರ್ಟ್ ಫಾರ್ವರ್ಡಿಂಗ್. ಅವಳ ಪಕ್ಕ ಕೂತು ನೋಡಿದ ಮೇಲೆ ಅದನ್ನು ಕಸುಬು ಎಂದೇ ಕರೆಯಬೇಕು ಅನ್ನಿಸಿತು.

ಹಳೇ ವಠಾರ ನೆನಪಿಸಿಕೊಳ್ಳಿ. ಬೀದಿಗೆ ಒಂದೇ ಬಾಗಿಲು, ಒಂದೇ ಮನೆ ನಂಬರು, ಒಳಗೆ ಹತ್ತು ಸಂಸಾರ. ಮನೆಯ ರೂಟರೂ ಹಾಗೇ. ಹೊರಗೆ ಕಾಣುವುದು ಅದರ ಒಂದು ಐಪಿ ವಿಳಾಸ; ಒಳಗಿನ ಫೋನು, ಟಿವಿ, ಕಂಪ್ಯೂಟರುಗಳಿಗೆ ಸಾಮಾನ್ಯವಾಗಿ 192.168ರಿಂದ ಶುರುವಾಗುವ ಖಾಸಗಿ ವಿಳಾಸಗಳು. ಒಳಗಿನವರು ಹೊರಗಿನಿಂದ ಏನಾದರೂ ತರಿಸಿದರೆ ರೂಟರು ಗುರುತು ಹಾಕಿಕೊಂಡು, ಬಂದದ್ದನ್ನು ಅದೇ ಕೋಣೆಗೆ ಮುಟ್ಟಿಸುತ್ತದೆ. ತಾನಾಗಿ ಬಂದ ಅತಿಥಿ ಯಾರ ಮನೆಗೆ ಬಂದವನೆಂದು ಅದಕ್ಕೆ ತಿಳಿಯದು, ಹೊರಗೇ ನಿಲ್ಲಿಸುತ್ತದೆ. 25565 ಎಂದು ಕೇಳಿಕೊಂಡು ಬಂದವರನ್ನು ಇಂಥ ಕೋಣೆಗೆ ಕಳಿಸು ಎಂದು ಮೊದಲೇ ಹೇಳಿಡುವುದೇ ಪೋರ್ಟ್ ಫಾರ್ವರ್ಡಿಂಗ್. 25565 ಎಂಬುದು ಮೈನ್‌ಕ್ರಾಫ್ಟಿನ ಜಾವಾ ಆವೃತ್ತಿಯ ರೂಢಿಯ ಪೋರ್ಟು, ಅಂದರೆ ಬಾಗಿಲ ಸಂಖ್ಯೆ; ಸಾಗಣೆಯ ವಿಧಾನ ಟಿಸಿಪಿ. ಫೋನಿನಲ್ಲಿ ಆಡುವ ಬೆಡ್‌ರಾಕ್ ಆವೃತ್ತಿಗೆ 19132, ಯುಡಿಪಿ.

ಅವಳು ಮೊದಲು ಮುಟ್ಟಿದ್ದು ಪೋರ್ಟನ್ನಲ್ಲ, ಕಂಪ್ಯೂಟರಿನ ವಿಳಾಸವನ್ನು. ರೂಟರು ಒಳಗಿನ ವಿಳಾಸಗಳನ್ನು ಕೊಂಚ ಕಾಲಕ್ಕಷ್ಟೇ ಹಂಚುತ್ತದೆ. ಇವತ್ತು ಕೊನೆಯಲ್ಲಿ 20 ಇದ್ದದ್ದು ನಾಳೆ 23 ಆದರೆ ಅತಿಥಿ ಖಾಲಿ ಕೋಣೆಯ ಕದ ತಟ್ಟುತ್ತಾನೆ. ಅದಕ್ಕೇ ಕಂಪ್ಯೂಟರಿನ ಗುರುತಾದ ಮ್ಯಾಕ್ ವಿಳಾಸ ನೋಡಿ ರೂಟರಿನಲ್ಲಿ ಅದಕ್ಕೊಂದು ಜಾಗ ಕಾಯ್ದಿರಿಸಿದಳು. ಆಮೇಲೆ ನಿಯಮ ಬರೆದು, ಕಂಪ್ಯೂಟರಿನ ಫೈರ್‌ವಾಲಿನಲ್ಲಿ ಜಾವಾಗೆ ಅನುಮತಿ ಕೊಟ್ಟಳು. ಎಲ್ಲ ಸರಿಯಾಗಿತ್ತು. ಬೀದರಿನಿಂದ ಮಾತ್ರ ಯಾರಿಗೂ ಒಳಗೆ ಬರಲಾಗಲಿಲ್ಲ.

ನಾನಾಗಿದ್ದರೆ ಸಿಕ್ಕ ಗುಂಡಿಯನ್ನೆಲ್ಲ ಒತ್ತುತ್ತಿದ್ದೆ. ಅವಳು ಎರಡು ವಿಳಾಸ ಬರೆದುಕೊಂಡಳು. ರೂಟರು ತನ್ನ ಹೊರವಿಳಾಸವೆಂದು ತೋರಿಸುತ್ತಿದ್ದದ್ದು 100.72ರಿಂದ ಶುರುವಾಗುತ್ತಿತ್ತು, ಹೊರಗಿನ ಜಾಲತಾಣ ನಮ್ಮ ವಿಳಾಸವೆಂದು ಹೇಳಿದ್ದು ಬೇರೆಯೇ. ಗುಟ್ಟು ಸಿಕ್ಕಿತು. ಹಳೆಯ ಪದ್ಧತಿಯ ಐಪಿ ವಿಳಾಸಗಳು ಒಟ್ಟು ಸುಮಾರು 429 ಕೋಟಿ. ಜಗತ್ತಿನ ಕೇಂದ್ರ ದಾಸ್ತಾನು 2011ರ ಫೆಬ್ರುವರಿಯಲ್ಲೇ ಬರಿದಾಯಿತು. ಒಂದು ವಿಳಾಸವನ್ನು ಹಲವು ಮನೆಗಳಿಗೆ ಹಂಚಿಕೊಡುವ ಇಂಟರ್ನೆಟ್ ಕಂಪನಿಗಳಿಗಾಗಿ 2012ರಲ್ಲಿ 100.64ರಿಂದ 100.127ರವರೆಗಿನ ಸಾಲನ್ನು ಮೀಸಲಿಟ್ಟರು. ಅಂದರೆ ನಮ್ಮ ವಠಾರವೇ ಇನ್ನೊಂದು ದೊಡ್ಡ ವಠಾರದೊಳಗಿತ್ತು, ಅದರ ಬಾಗಿಲು ನಮ್ಮ ಕೈಯಲ್ಲಿಲ್ಲ. ನಮ್ಮ ನಿಯಮದಲ್ಲಿ ಎಷ್ಟು ತಡಕಿದರೂ ಈ ತಪ್ಪು ಸಿಗುತ್ತಿರಲಿಲ್ಲ.

ದಾರಿಗಳಿದ್ದವು. ಹೊಸ ಪದ್ಧತಿಯಾದ ಐಪಿವಿ6ರಲ್ಲಿ ಪ್ರತಿ ಯಂತ್ರಕ್ಕೂ ಸ್ವಂತ ವಿಳಾಸವಿರಬಹುದು; ಫೈರ್‌ವಾಲಿನಲ್ಲಿ ಒಂದು ಕಿಂಡಿ ತೆರೆದರೆ ಸಾಕು, ಆದರೆ ಎರಡೂ ಕಡೆ ಆ ಸೌಲಭ್ಯ ಬೇಕು. ಕೊನೆಗೆ ಅಕ್ಕ ಹೆಚ್ಚಿನ ಹಣ ಕೊಟ್ಟು ಮನೆಗೇ ಸ್ವಂತವಾದ ಸ್ಟ್ಯಾಟಿಕ್ ಐಪಿ ಹಾಕಿಸಿದಳು.

ಆಮೇಲಿನ ಅವಳ ಎಚ್ಚರ ನನಗೆ ಇನ್ನೂ ಹಿಡಿಸಿತು. ಡಿಎಂಜಡ್ ಎಂಬ ಒಂದು ಆಯ್ಕೆಯಿದೆ, ಬಂದವರನ್ನೆಲ್ಲ ಒಂದೇ ಯಂತ್ರದತ್ತ ಕಳಿಸುತ್ತದೆ. ಸುಲಭವೆಂದು ಹಲವರು ಅದನ್ನೇ ಒತ್ತುತ್ತಾರೆ. ಅವಳು ಅತ್ತ ಸುಳಿಯಲಿಲ್ಲ. ರೂಟರಿನ ಕಾರ್ಖಾನೆ ಪಾಸ್‌ವರ್ಡ್ ಬದಲಿಸಿದಳು. ಆಟಕ್ಕೆ ವೈಟ್‌ಲಿಸ್ಟ್ ಹಾಕಿ ತನ್ನ ಮತ್ತು ತಮ್ಮಂದಿರ ಹೆಸರು ಮಾತ್ರ ಬರೆದಳು. ಪರೀಕ್ಷೆಗೆ ಲ್ಯಾಪ್‌ಟಾಪನ್ನು ಮನೆಯ ವೈಫೈನಿಂದ ಬಿಡಿಸಿ ನನ್ನ ಮೊಬೈಲ್ ಡೇಟಾಗೆ ಜೋಡಿಸಿದಳು: ಒಳಗಿನಿಂದಲೇ ಹೊರವಿಳಾಸಕ್ಕೆ ಹೋದರೆ ಕೆಲವು ರೂಟರುಗಳು ತಿರುಗಿ ಒಳಗೆ ಬಿಡುವುದಿಲ್ಲ, ಸರಿಯಿದ್ದದ್ದೂ ಕೆಟ್ಟಂತೆ ಕಾಣುತ್ತದೆ.

ಸಂಜೆ ಆ ಊರನ್ನು ನಡೆಸುವ ಸರ್ವರಿನ ಕಪ್ಪು ತೆರೆಯ ಮೇಲೆ ಬಿಳಿ ಅಕ್ಷರದ ಒಂದು ಸಾಲು ಮೂಡಿತು, ದೊಡ್ಡ ತಮ್ಮನ ಹೆಸರು. ಹಿಂದೆಯೇ ಚಿಕ್ಕವನದು. ಹೆಡ್‌ಫೋನಿನಿಂದ ಕೂಗು ಕೇಳಿಸಿತು: "ಅಕ್ಕಾ, ನಿನ್ನ ಮನಿ ಎಲ್ಲದ?" ಅವಳು ಬಾವಿಯ ಹತ್ತಿರ ಬಾ ಅಂದಳು. ರಾತ್ರಿ ಅವರು ಹೋದ ಮೇಲೆ ಅದೇ ತೆರೆಯಲ್ಲಿ ಸ್ಟಾಪ್ ಎಂದು ಟೈಪ್ ಮಾಡಿ, ಊರು ಪೂರ್ತಿ ಡಿಸ್ಕಿನಲ್ಲಿ ಉಳಿಯುವವರೆಗೂ ಕಾದು, ರೂಟರಿನ ಪುಟಕ್ಕೆ ಹೋಗಿ ಆ ನಿಯಮದ ಮುಂದಿನ ಟಿಕ್ ತೆಗೆದಳು.