ಚಿಕಿತೋಸಿನ ಪೆಟ್ಟಿಗೆಗಳಿಂದ ಎದ್ದುಬಂದ ಗಾನ

ಸಂತ ಫ್ರಾನ್ಸಿಸ್ ಝೇವಿಯರರು 1540ರಲ್ಲಿ ರೋಮ್ ನಗರವನ್ನು ಬಿಟ್ಟು 1542ರ ಮೇ ತಿಂಗಳಲ್ಲಿ ಗೋವೆಗೆ ಬಂದಿಳಿದ ಸಂಗತಿ ನಮ್ಮ ವಾಚಕರಿಗೆ ಹೊಸತಲ್ಲ. ಹಳೆ ಗೋವೆಗೆ ಯಾತ್ರೆ ಹೋಗಿ ಬಂದವರು ಕರಾವಳಿಯ ಕಥೊಲಿಕ ಕುಟುಂಬಗಳಲ್ಲಿ ಅನೇಕರಿದ್ದಾರೆ. ಆದರೆ ಪೂರ್ವದೇಶಗಳತ್ತ ಹೊರಟ ಝೇವಿಯರರು ಸಂತ ಇಗ್ನೇಷಿಯಸರಿಂದ ಬೀಳ್ಕೊಳ್ಳುವ ಗಳಿಗೆಯನ್ನು ಹಾಡಿನಲ್ಲಿ ನಿರೂಪಿಸುವ ಗೀತನಾಟಕವೊಂದಿದೆ ಎಂದೂ, ಅದು ದೊರೆತುದು ಯುರೋಪಿನಲ್ಲಲ್ಲ, ದಕ್ಷಿಣ ಅಮೆರಿಕದ ಬೊಲಿವಿಯಾ ದೇಶದ ಪೂರ್ವಭಾಗದ ಕಾಡುಸೀಮೆಯಲ್ಲಿ ಎಂದೂ ಬಲ್ಲವರು ವಿರಳ.

ಆ ಸೀಮೆಯ ಹೆಸರು ಚಿಕಿತೋಸ್. ಯೇಸುಸಭೆಯ ಧರ್ಮಗುರುಗಳು 1691ರಲ್ಲಿ ಅಲ್ಲಿ ಸ್ಥಾಪಿಸಿದ ಮೊದಲ ಗ್ರಾಮವೇ ಸಾನ್ ಹಾವಿಯೆರ್. ಅಂದರೆ ನಮ್ಮ ಝೇವಿಯರರದೇ ಹೆಸರು. ಮುಂದೆ ಇಂಥ ಗ್ರಾಮಗಳು ಹತ್ತಾದವು. ಮೂಲನಿವಾಸಿಗಳಿಗೆ ಧರ್ಮೋಪದೇಶದೊಡನೆ ಸ್ವರಲಿಪಿಯನ್ನು ಓದುವುದನ್ನೂ, ಪಿಟೀಲು ನುಡಿಸುವುದನ್ನೂ ಕಲಿಸಲಾಯಿತು. 1730ರಲ್ಲಿ ಅಲ್ಲಿಗೆ ಬಂದ ಸ್ವಿಟ್ಜರ್ಲೆಂಡಿನ ವಂದನೀಯ ಮಾರ್ಟಿನ್ ಶ್ಮಿಡ್ ಅವರು ಗಾಯಕರೂ ಹೌದು, ವಾದ್ಯಗಳನ್ನು ತಯಾರಿಸುವ ಕುಶಲಿಗಳೂ ಹೌದು. ಸಾನ್ ರಫಾಯೆಲ್, ಸಾನ್ ಹಾವಿಯೆರ್ ಮತ್ತು ಕನ್ಸೆಪ್ಸಿಯೋನ್ ಇಗರ್ಜಿಗಳನ್ನು ಕಟ್ಟಿಸಿದವರೂ ಅವರೇ. ಅಲ್ಲಿ ಹಾಡಲಾಗುತ್ತಿದ್ದ ಕೃತಿಗಳಲ್ಲಿ ಬಹಳಷ್ಟು ದೊಮೆನಿಕೊ ಜಿಪೋಲಿಯವು. ರೋಮಿನ ಜೆಸು ದೇವಾಲಯದಲ್ಲಿ ಆರ್ಗನ್ ವಾದಕರಾಗಿ ಖ್ಯಾತಿ ಪಡೆದಿದ್ದ ಈ ಇಟಲಿಯ ಯುವಕ ಎಲ್ಲವನ್ನೂ ತೊರೆದು ಯೇಸುಸಭೆಯನ್ನು ಸೇರಿ, ಇಂದಿನ ಅರ್ಜೆಂಟಿನಾದ ಕೊರ್ದೊಬಾ ನಗರಕ್ಕೆ ಹೋದರು. ಗುರುದೀಕ್ಷೆ ನೀಡಲು ಅಲ್ಲಿ ಬಿಷಪರೇ ಇರಲಿಲ್ಲವಾದ್ದರಿಂದ ದೀಕ್ಷೆ ಪಡೆಯದೆಯೇ 1726ರಲ್ಲಿ, 37ರ ವಯಸ್ಸಿನಲ್ಲಿ, ತೀರಿಕೊಂಡರು. ಚಿಕಿತೋಸನ್ನು ಅವರು ಕಂಡವರಲ್ಲ. ಅವರ ಸಂಗೀತ ಮಾತ್ರ ಕೈಯಿಂದ ಕೈಗೆ ನಕಲಾಗುತ್ತ ಅಲ್ಲಿಯವರೆಗೆ ನಡೆದುಹೋಯಿತು.

1767ರಲ್ಲಿ ಸ್ಪೇನಿನ ದೊರೆ ಮೂರನೆಯ ಚಾರ್ಲ್ಸ್ ಯೇಸುಸಭೆಯವರನ್ನು ತನ್ನ ರಾಜ್ಯದಿಂದಲೇ ಹೊರದೂಡಿದನು. ಗುರುಗಳು ಹೋದ ಮೇಲೆ ಹಾಡೂ ನಿಲ್ಲಬೇಕಾಗಿತ್ತು; ನಿಲ್ಲಲಿಲ್ಲ. ಸಾಂತ ಆನ ಗ್ರಾಮದ ಇಗರ್ಜಿಯನ್ನು ಅಲ್ಲಿಯ ಜನರು ಕಟ್ಟಿದುದು ಗುರುಗಳು ಹೊರಟುಹೋದ ನಂತರವೇ. 1831ರಲ್ಲಿ ಆ ಪ್ರದೇಶದಲ್ಲಿ ಸಂಚರಿಸಿದ ಫ್ರಾನ್ಸಿನ ವಿಜ್ಞಾನಿ ಆಲ್ಸೀದ್ ದೊರ್ಬಿಞಿ ಅಲ್ಲಿಯ ಇಗರ್ಜಿ ಸಂಗೀತವನ್ನು ಕೇಳಿ ಬೆರಗಾಗಿ ಬರೆದಿದ್ದಾನೆ. ಕಾಲಕ್ರಮದಲ್ಲಿ ಸ್ವರಲಿಪಿ ಬಲ್ಲವರು ವಿರಳವಾದರು. ಆದರೂ ತಾವು ಓದಲಾರದ ಹಾಳೆಗಳನ್ನು ಆ ಜನರು ಎಸೆಯಲಿಲ್ಲ.

1972ರಲ್ಲಿ ಶಿಥಿಲವಾಗಿದ್ದ ಸಾನ್ ರಫಾಯೆಲ್ ಇಗರ್ಜಿಯನ್ನು ದುರಸ್ತಿ ಮಾಡಲು ಬಂದ ಸ್ವಿಸ್ ವಾಸ್ತುಶಿಲ್ಪಿ ಹಾನ್ಸ್ ರೋತ್ ಅವರಿಗೆ ಈ ಹಾಳೆಗಳು ದೊರೆತವು. ಸಾನ್ ರಫಾಯೆಲ್ ಮತ್ತು ಸಾಂತ ಆನ ಎರಡೂ ಸೇರಿ 5,000ಕ್ಕೂ ಮಿಕ್ಕಿದ ಪುಟಗಳು! ಇವನ್ನು ರೋತ್ ಅವರು ‘ಪತ್ತೆ ಹಚ್ಚಿದರು’ ಎಂದು ಬರೆಯುವ ರೂಢಿಯಿದೆ. ಅವರ ಶ್ರಮ ದೊಡ್ಡದು. 1999ರಲ್ಲಿ ನಿಧನರಾಗುವವರೆಗೂ ಅವರು ಆ ಇಗರ್ಜಿಗಳ ಜೀರ್ಣೋದ್ಧಾರಕ್ಕಾಗಿಯೇ ದುಡಿದರು. ಆದರೆ ಎರಡು ಶತಮಾನ ಕಾದಿಟ್ಟವರ ಕೈಯಿಂದ ಪಡೆದುದನ್ನು ಪತ್ತೆ ಎನ್ನುವುದು ಅಷ್ಟು ಸರಿಯಲ್ಲವೆಂದು ಈ ಲೇಖಕನಿಗೆ ತೋರುತ್ತದೆ. ಎರಡನೆಯ ವ್ಯಾಟಿಕನ್ ಮಹಾಸಭೆಯ ತರುವಾಯ ನಮ್ಮ ಇಗರ್ಜಿಗಳಲ್ಲಿ ಮೂಲೆ ಸೇರಿದ ಲ್ಯಾಟಿನ್ ಗಾಯನ ಪುಸ್ತಕಗಳಲ್ಲಿ ಎಷ್ಟು ಗೆದ್ದಲಿನ ಪಾಲಾದವೋ, ಲೆಕ್ಕವಿಟ್ಟವರು ಯಾರು?

ಹಾಳೆ ದೊರೆತ ಮಾತ್ರಕ್ಕೆ ಹಾಡು ದೊರೆಯುವುದಿಲ್ಲ. ಆ ಕಾಲದಲ್ಲಿ ಒಂದೊಂದು ಧ್ವನಿಗೂ ಒಂದೊಂದು ಪ್ರತ್ಯೇಕ ಹಾಳೆ. ಎಲ್ಲ ಧ್ವನಿಗಳನ್ನೂ ಒಟ್ಟಿಗೆ ತೋರಿಸುವ ಪ್ರತಿ ಇರುತ್ತಿರಲಿಲ್ಲ. ನಾಲ್ಕರಲ್ಲಿ ಒಂದು ಹಾಳೆ ಕಳೆದರೆ ಉಳಿದ ಮೂರನ್ನು ನೋಡಿ ಅದನ್ನು ಊಹಿಸಬೇಕು. ದಿವ್ಯವಾಕ್ಯ ಸಭೆಯ ಪೋಲೆಂಡ್ ಮೂಲದ ಗುರುಗಳಾದ ವಂದನೀಯ ಪ್ಯೋತ್ರ್ ನವ್ರೋತ್ ಮೊದಲಾದ ವಿದ್ವಾಂಸರು ಈ ಹಾಳೆಗಳನ್ನು ಜೋಡಿಸಿ, ಇಂದಿನವರು ಓದಬಹುದಾದ ರೂಪದಲ್ಲಿ ಪ್ರಕಟಿಸುತ್ತ ಬಂದಿದ್ದಾರೆ. 1996ರಲ್ಲಿ ಆರಂಭವಾದ, ಎರಡು ವರ್ಷಗಳಿಗೊಮ್ಮೆ ನಡೆಯುವ ಸಂಗೀತೋತ್ಸವಕ್ಕೆ ಈ ಇಗರ್ಜಿಗಳೇ ವೇದಿಕೆ. ಅನೇಕ ದೇಶಗಳ ಗಾಯನ ವೃಂದಗಳು ಬಂದು ಹಾಡಿ ಹೋಗುತ್ತವೆ.

ಬಂದು ಹಾಡಿ ಹೋಗುತ್ತವೆ ಎಂಬಲ್ಲಿಯೇ ತೊಡಕೂ ಇದೆ. ಕಾದಿಟ್ಟವರ ಮೊಮ್ಮಕ್ಕಳು ಪೀಠಗಳಲ್ಲಿ ಕುಳಿತು ಕೇಳುವವರಾಗಿ, ಹಾಡುವವರು ಮಾತ್ರ ವಿಮಾನದಲ್ಲಿ ಬರುವವರಾದರೆ ಈ ಪುನರುಜ್ಜೀವನ ಯಾರದು? ಲಂಡನ್ನಿನ ಫ್ಲೊರಿಲೇಜಿಯಂ ವೃಂದದ ಕೊಳಲು ವಾದಕ ಆಶ್ಲಿ ಸಾಲಮನ್ ಅವರಿಗೂ ಈ ಪ್ರಶ್ನೆ ಎದುರಾಗಿರಬೇಕು. ತಮ್ಮ ವೃಂದದಿಂದಲೇ ಎಲ್ಲವನ್ನೂ ಹಾಡಿಸದೆ ಅವರು ಬೊಲಿವಿಯಾದ ಯುವ ಗಾಯಕರನ್ನು ಆರಿಸಿ, ತರಬೇತಿ ನೀಡಿ, 2005ರಲ್ಲಿ ಅರಕಾಯೆಂದಾರ್ ಎಂಬ ಗಾಯನ ಮಂಡಳಿಯನ್ನು ಕಟ್ಟಿದರು. ಎರಡೂ ವೃಂದಗಳು ಕೂಡಿ ಹಾಡಿ ನುಡಿಸಿದ ಧ್ವನಿಮುದ್ರಿಕೆಗಳು ಯುರೋಪಿನಲ್ಲಿ ಮನ್ನಣೆ ಪಡೆದಿವೆ. ಸಮೀಪದ ಗ್ವಾರಾಯೊ ಜನರ ಉರುಬಿಚಾ ಗ್ರಾಮದಲ್ಲಿಯೂ ಸಂಗೀತ ಶಾಲೆಯೊಂದು ನಡೆಯುತ್ತಿದ್ದು, ಮಕ್ಕಳು ಪಿಟೀಲು, ಗಾಯನಗಳೆರಡನ್ನೂ ಕಲಿಯುತ್ತಾರೆ.

ಇಂಥ ಮಂಡಳಿಗೆ ನೆರವು ನೀಡುವುದೆಂದರೇನು? ಗ್ರಂಥ ಮುದ್ರಣಕ್ಕೆ, ಧ್ವನಿಮುದ್ರಿಕೆಗೆ ದಾನಿಗಳು ದೊರೆಯುವುದು ಅಷ್ಟು ಕಷ್ಟವಲ್ಲ; ಅಲ್ಲಿ ದಾನಿಯ ಹೆಸರು ಅಚ್ಚಾಗುತ್ತದೆ. ಅಭ್ಯಾಸಕ್ಕೆ ಬರುವ ಗಾಯಕನ ಬಸ್ಸಿನ ಖರ್ಚು, ಅಂದು ಅವನು ಕಳೆದುಕೊಳ್ಳುವ ಕೂಲಿ, ಶಿಕ್ಷಕರ ತಿಂಗಳ ಸಂಬಳ ಇವುಗಳ ಮೇಲೆ ಯಾರ ಹೆಸರನ್ನೂ ಕೆತ್ತಲು ಬಾರದು. ಪ್ರಾಚೀನ ಬಹುಧ್ವನಿ ಗಾಯನವಾದರೋ ಇವುಗಳಿಲ್ಲದೆ ಒಂದು ದಿನವೂ ನಡೆಯದು. ಒಂದೊಂದು ಧ್ವನಿಗೆ ಇಬ್ಬರೋ ಮೂವರೋ ಇರುವ ಮಂಡಳಿಯಲ್ಲಿ ಮಂದ್ರಸ್ಥಾಯಿಯ ಒಬ್ಬ ಗಾಯಕ ಕೆಲಸ ಹುಡುಕಿಕೊಂಡು ಪಟ್ಟಣಕ್ಕೆ ಹೊರಟನೆಂದರೆ ಇಡೀ ಕೃತಿಯೇ ಬಿದ್ದುಹೋಗುತ್ತದೆ. ಊರ ಇಗರ್ಜಿಯಲ್ಲಿ ಕೊಯರ್ ನಡೆಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ವರ್ಷಕ್ಕೊಂದು ದೊಡ್ಡ ದೇಣಿಗೆಗಿಂತ ತಿಂಗಳು ತಿಂಗಳೂ ತಪ್ಪದೆ ಬರುವ ಚಿಕ್ಕ ಮೊತ್ತವೇ ಅವರಿಗೆ ಹೆಚ್ಚು ಉಪಯುಕ್ತ.

ಆ ಹಾಳೆಗಳ ನಡುವೆ ಇನ್ನೊಂದು ಗೀತನಾಟಕವೂ ಇತ್ತು. ಅದರ ಹೆಸರೇ ‘ಸಂತ ಫ್ರಾನ್ಸಿಸ್ ಝೇವಿಯರ್’; ಭಾಷೆ ಸ್ಪ್ಯಾನಿಷ್ ಅಲ್ಲ, ಲ್ಯಾಟಿನ್ನೂ ಅಲ್ಲ, ಚಿಕಿತಾನೊ. ಆ ಭಾಷೆಯನ್ನಾಡುವವರು ಈಗ ತೀರ ಕಡಿಮೆ. ಅದನ್ನು ಹಾಡಬೇಕಾದರೆ ಸ್ವರ ತಿದ್ದುವ ಶಿಕ್ಷಕರು ಮಾತ್ರ ಸಾಲದು. ಎದುರಿಗೆ ಕುಳಿತು ಉಚ್ಚಾರ ತಿದ್ದುವ ಊರಿನ ಹಿರಿಯರೂ ಬೇಕು. ನೆರವಿನ ಲೆಕ್ಕಪಟ್ಟಿಯಲ್ಲಿ ಅವರ ಗೌರವಧನಕ್ಕೂ ಒಂದು ಸಾಲು ಇರಬೇಕು.